ಬರ್ನಡೀನಳ ಮೂರು ದಿನದ ಗಡುವು

ಬರ್ನಡೀನ್ ಮದುವೆಯಾಗಿ ಹುದಾಕ್ ಮನೆಗೆ ಬಂದ ವಾರವೇ ಅತ್ತೆ ವೆರೋನಿಕಾ ಅವಳ ಕೈಗೆ ಬೆತ್ತದ ಬುಟ್ಟಿ ಕೊಟ್ಟು ನೆಲಮಾಳಿಗೆಯ ಬಾಗಿಲು ತೋರಿಸಿದ್ದರು. ಹದಿಮೂರು ಮೆಟ್ಟಿಲು. ಅರ್ಧ ಇಳಿದ ಮೇಲೆ ಹಣೆಗೆ ತಾಗುವ ತೊಲೆಗೆ ಹಳೆಯ ಕಂಬಳಿಯ ಚೂರು ಸುತ್ತಿತ್ತು. ಕೆಳಗೆ ಬಾಗಿಲೂ ಗೋಡೆಯೂ ಇಲ್ಲದ ಒಂದು ಪಾಯಿಖಾನೆ, ಗೋಡೆಗೆ ಬಡಿದ ಒಂದು ಷವರು, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಮೆಷೀನು. ಪೆನ್ಸಿಲ್ವೇನಿಯಾದ ಪಡುವಣದಲ್ಲಿ, ನದಿಗೆ ಅಂಟಿಕೊಂಡ ಆ ಊರಿನ ಹಳೆಯ ಮನೆಗಳೆಲ್ಲ ಹಾಗೆಯೇ. ಉಕ್ಕಿನ ಕಾರ್ಖಾನೆಯಿಂದ ಬಂದ ಗಂಡಸು ಹಿತ್ತಿಲ ಬಾಗಿಲಿನಿಂದ ನೇರ ಕೆಳಗಿಳಿಯಬೇಕು, ಮಸಿ ಬಟ್ಟೆ ಅಲ್ಲೇ ಕಳಚಿ, ಅಲ್ಲೇ ಮಿಂದು, ಶುಭ್ರವಾಗಿ ಮೇಲೆ ಊಟಕ್ಕೆ ಬರಬೇಕು. ಕೊಳೆ ಎಲ್ಲಿ ಬೀಳುತ್ತದೋ ಮೆಷೀನು ಅಲ್ಲಿರಬೇಕು ಎನ್ನುವುದು ಅತ್ತೆಯ ನ್ಯಾಯ. ಆಗ ಅದು ನ್ಯಾಯವೇ ಆಗಿತ್ತು.

ಬರ್ನಡೀನ್ ಬಂದು ಆರು ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಅವಳ ಗಂಡ ರೀಜಿಸ್ ಆಮೇಲೆ ಜಲ್ಲಿ ಕ್ವಾರಿಯಲ್ಲಿ ಲಾರಿ ಓಡಿಸಿದ. ಮಸಿ ಬರುವುದು ನಿಂತಿತು. ಕೆಳಗಿನ ಷವರಿನಲ್ಲಿ ಮೀಯುವವರು ಯಾರೂ ಇಲ್ಲದೆ ಅದರ ಬಾಯಿಗೆ ಜೇಡ ಬಲೆ ಕಟ್ಟಿತು. ಮೆಷೀನು ಮಾತ್ರ ಅಲ್ಲೇ ಉಳಿಯಿತು. ಬಟ್ಟೆ ಕಳಚುವುದು ಮಹಡಿಯ ಮಲಗುವ ಕೋಣೆಯಲ್ಲಿ, ಒಗೆಯುವುದು ಪಾತಾಳದಲ್ಲಿ, ಮಡಚಿ ಇಡುವುದು ಮತ್ತೆ ಮಹಡಿಯಲ್ಲಿ. ಈ ದಾರಿಯನ್ನು ನಡೆಯುವವಳು ಒಬ್ಬಳೇ ಆಗಿದ್ದರಿಂದ ಅದು ಉದ್ದ ಎಂದು ಬೇರೆ ಯಾರಿಗೂ ಅನಿಸಿರಲಿಲ್ಲ. ಮಗಳು ಕೊಲೆಟ್‌ಳ ಬಟ್ಟೆ ಈ ದಾರಿಯಲ್ಲೇ ಇಳಿದು ಹತ್ತಿತ್ತು. ಅತ್ತೆ ಹಾಸಿಗೆ ಹಿಡಿದ ಆರು ವರ್ಷ ಅವರ ಹಾಸು ಹೊದಿಕೆ ದಿನಕ್ಕೆ ಎರಡು ಸಲ ಇಳಿದು ಹತ್ತಿದ್ದವು. ಈಗ ಐವತ್ತೆಂಟು ವಯಸ್ಸಿಗೆ ಬರ್ನಡೀನಳ ಬಲ ಮಂಡಿ ಏಳನೆಯ ಮೆಟ್ಟಿಲಿನಲ್ಲಿ ಒಮ್ಮೆ, ಹನ್ನೊಂದನೆಯದರಲ್ಲಿ ಒಮ್ಮೆ ಲಟಕ್ಕೆನ್ನುತ್ತಿತ್ತು. ಅವಳು ಅಲ್ಲಿ ನಿಂತು, ಬುಟ್ಟಿಯನ್ನು ಸೊಂಟದ ಈ ಕಡೆಯಿಂದ ಆ ಕಡೆಗೆ ಬದಲಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಹೊರಗೆ ಅವಳಿಗೆ ಬೇರೆಯೇ ಒಂದು ಜೀವನವಿತ್ತು. ಇಪ್ಪತ್ತನಾಲ್ಕು ವರ್ಷದಿಂದ ಊರಿನ ಅಂಚೆ ಕಚೇರಿಯ ಕಿಟಕಿಯಲ್ಲಿ ಅವಳು ಕೂರುತ್ತಿದ್ದಳು. ಯಾರ ಮನೆಗೆ ಯಾವ ಊರಿನಿಂದ ಕಾಗದ ಬರುತ್ತದೆ, ಯಾರಿಗೆ ಓದಲು ಬಾರದು, ಯಾರಿಗೆ ಹೂವಿನ ಅಂಚೆಚೀಟಿ ಬೇಕು, ಯಾರಿಗೆ ಬಾವುಟದ್ದೇ ಆಗಬೇಕು ಎಲ್ಲ ಅವಳಿಗೆ ಗೊತ್ತು. ಸರ್ಕಾರಿ ಫಾರಮಿನ ಸಣ್ಣ ಅಕ್ಷರವನ್ನು ಕನ್ನಡಕ ಏರಿಸಿ ಪೂರ್ತಿ ಓದುವುದು ಅವಳ ಚಾಳಿ. ಊರಿನ ಮುದುಕಿಯರು ಪಿಂಚಣಿಯ ಕಾಗದ ಹಿಡಿದು ಅವಳ ಕಿಟಕಿಗೇ ಬರುತ್ತಿದ್ದರು. ಮನೆಯಲ್ಲಿ ಮಾತ್ರ ಕಾಗದಪತ್ರದ ಯಜಮಾನ ರೀಜಿಸ್. ಅವನು ಅವನ್ನು ಓದುತ್ತಿರಲಿಲ್ಲ, ಸಹಿ ಹಾಕುತ್ತಿದ್ದ.

ರೀಜಿಸ್ ಕೆಟ್ಟವನಲ್ಲ. ಕುಡಿದು ಕೂಗಾಡಿದವನಲ್ಲ, ಸಂಬಳ ಬಚ್ಚಿಟ್ಟವನಲ್ಲ. ಹಿಮ ಬಿದ್ದ ದಿನ ಅವಳ ಕಾರಿನ ಗಾಜು ಕೆರೆದು ಇಡುತ್ತಿದ್ದ. ಕಣ್ಣ ಮುಂದಿರುವುದು ಅವನಿಗೆ ಕಾಣುತ್ತಿರಲಿಲ್ಲ, ಅಷ್ಟೇ. ಕಪಾಟು ತೆರೆದರೆ ಒಗೆದ ಸಾಕ್ಸು ಇರುತ್ತದೆ ಎನ್ನುವುದು ಅವನಿಗೆ ಬೆಳಗಾದರೆ ಸೂರ್ಯ ಹುಟ್ಟುತ್ತಾನೆ ಎನ್ನುವಂಥ ಸಂಗತಿ.

ಆ ವಸಂತದಲ್ಲಿ ಅವನು ನಿವೃತ್ತನಾದ. ಅದಕ್ಕೂ ಮುಂಚಿನಿಂದ ಅವನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಬಡ್ಡಿ ದರ ಇಳಿದಿದೆ, ಹಳೆಯ ಮನೆ ಸಾಲ ತೀರಿಸಿ ಕಡಿಮೆ ಬಡ್ಡಿಗೆ ಹೊಸದು ಎತ್ತಿದರೆ ಕಂತು ಹಗುರವಾಗುತ್ತದೆ, ಮೇಲಿಷ್ಟು ಹಣ ಕೈಗೆ ಬರುತ್ತದೆ. ಪತ್ತಿನ ಸಂಘಕ್ಕೆ ಹೋಗಿ ಕೇಳಿದ. ಅಲ್ಲಿಯವರು ಕಡತ ನೋಡಿ, ನಿಮ್ಮ ಈಗಿನ ಸಾಲ ಮಾಡಿನ ದುರಸ್ತಿಗೆಂದು ಕಳೆದ ಆಗಸ್ಟಿನಲ್ಲಿ ಎತ್ತಿದ್ದು, ನಮ್ಮಲ್ಲಿ ಅದಕ್ಕೆ ಒಂದು ವರ್ಷ ತುಂಬಬೇಕು, ಹನ್ನೆರಡು ಕಂತು ತಪ್ಪದೆ ಕಟ್ಟಿರಬೇಕು, ಆಮೇಲೆ ಬನ್ನಿ ಎಂದರು. ರೀಜಿಸ್ ಮನೆಗೆ ಬಂದು ಊಟದ ಮೇಜಿಗೆ ಕೈ ಬಡಿದ. ಬಡ್ಡಿ ಮತ್ತೆ ಏರಿದರೆ ಯಾರು ಹೊಣೆ, ಒಬ್ಬ ಮನುಷ್ಯ ತನ್ನ ಮನೆಯ ಮೇಲೆ ಸಾಲ ಎತ್ತಲು ಎಷ್ಟು ಕಾಯಬೇಕು ಎಂದು ಏಪ್ರಿಲಿನಿಂದ ಆಗಸ್ಟಿನವರೆಗೆ ದಿನವೂ ಗೊಣಗಿದ. ಬರ್ನಡೀನ್ ಅವನ ಷರಟು ಮಡಚುತ್ತ ಕೇಳಿಸಿಕೊಂಡಳು. ನಾಲ್ಕು ತಿಂಗಳು ಕಾಯುವುದು ಇಷ್ಟು ಸದ್ದಿನ ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲ.

ಅವಳೂ ಒಂದನ್ನು ಕೇಳಿದ್ದಳು. ಅಡುಗೆಮನೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ರೀಜಿಸ್ ಮೀನು ಹಿಡಿಯುವ ಸಾಮಾನು ಇಟ್ಟಿದ್ದ. ಅದಕ್ಕೆ ಒಂದು ಕಿಟಕಿ, ಗೋಡೆಯ ಆಚೆಗೇ ನೀರಿನ ಕೊಳವೆ. ಮೆಷೀನನ್ನು ಅಲ್ಲಿಗೆ ತರೋಣ ಎಂದಿದ್ದಳು. "ಆಯ್ತು ಬರ್ನಿ, ತರೋಣ, ಹಣ ಬರ್ಲಿ" ಎಂದಿದ್ದ. ಸೆಪ್ಟೆಂಬರಿನಲ್ಲಿ ಒಂದು ದಿನ ಅವನ ಪ್ಯಾಂಟಿನ ಜೇಬು ಖಾಲಿ ಮಾಡುವಾಗ ಹಳೆಯ ಲಕೋಟೆಯೊಂದು ಸಿಕ್ಕಿತು. ಹಿಂಬದಿಯಲ್ಲಿ ಪಟ್ಟಿ. ಮೊದಲು, ಕ್ವಾರಿಯ ಗೆಳೆಯ ಡಚ್ ಮಾರುತ್ತಿದ್ದ ಚಪ್ಪಟೆ ತಳದ, ಮೇಲೆ ಚಪ್ಪರವಿರುವ ದೋಣಿ. ಆಮೇಲೆ ಅದನ್ನು ಎಳೆದೊಯ್ಯುವ ಗಾಡಿ, ಆಮೇಲೆ ಮನೆ ಕಾಯಿಸುವ ಕುಲುಮೆಯ ರಿಪೇರಿ. ಎಲ್ಲಕ್ಕೂ ಕೆಳಗೆ, ಚಿಕ್ಕ ಅಕ್ಷರದಲ್ಲಿ: "ಬರ್ನಿಯ ಮೆಷೀನು, ಉಳಿದರೆ."

ಅವಳು ಲಕೋಟೆಯನ್ನು ಎತ್ತಿಟ್ಟು ಪ್ಯಾಂಟನ್ನು ನೀರಿಗೆ ಹಾಕಿದಳು. ಸಿಟ್ಟು ಬರಲಿಲ್ಲ. ಆ ಪದ ಅವಳಿಗೆ ಹೊಸದೂ ಅಲ್ಲ. ಭಾನುವಾರದ ಹುರಿದ ಮಾಂಸದಲ್ಲಿ ಅಂಚಿನ ತುಂಡು, ಶನಿವಾರದ ಮಧ್ಯಾಹ್ನದಲ್ಲಿ ಅರ್ಧ ಗಂಟೆ, ಬಿಸಿ ನೀರು, ಎಲ್ಲ ಅವಳಿಗೆ ಬಂದದ್ದು ಅದೇ ದಾರಿಯಲ್ಲಿ.

ಅಕ್ಟೋಬರಿನ ಮೊದಲ ಗುರುವಾರ, ಹೊಸ ಸಾಲದ ಸಹಿಗೆ ನೋಟರಿ ಶ್ರೀಮತಿ ಕಲಬ್ರೀಸ್ ಮನೆಗೇ ಬಂದರು. ಬರ್ನಡೀನ್ ಕಚೇರಿಯಿಂದ ಬೇಗ ಬಂದು ಅಡುಗೆಮನೆಯ ಮೇಜು ಒರೆಸಿ, ಕಾಫಿ ಇಟ್ಟು, ಆಕ್ರೋಡು ತುಂಬಿದ ರೊಟ್ಟಿಸುರುಳಿ ಕತ್ತರಿಸಿ ಇಟ್ಟಿದ್ದಳು. ಸಾಲ ರೀಜಿಸನ ಹೆಸರಿನಲ್ಲಿ. ಅವನು ಹಾಳೆ ಮೇಲೆ ಹಾಳೆ ಸಹಿ ಹಾಕುತ್ತ ಹೋದ. ಅವಳು ಕಾಫಿ ಪಾತ್ರೆ ಹಿಡಿದು ನಿಂತಿದ್ದಳು.

"ನೀವೂ ಕೂತ್ಕೊಳ್ಳಿ ಮಿಸೆಸ್ ಹುದಾಕ್," ಎಂದರು ಕಲಬ್ರೀಸ್. "ಈ ಕಾಗದ ನಿಮಗೂ ಸೇರಿದ್ದು."

ಅದು ರದ್ದು ಮಾಡುವ ಹಕ್ಕಿನ ಕಾಗದ. ಇಬ್ಬರ ಮುಂದೆಯೂ ಎರಡೆರಡು ಪ್ರತಿ ಇಟ್ಟು ಕಲಬ್ರೀಸ್ ವಿವರಿಸಿದರು. ಸಹಿಯಾದ ಮೇಲೆ ಮೂರು ಕೆಲಸದ ದಿನ ಕಾಯಬೇಕು. ಅಲ್ಲಿಯವರೆಗೆ ಸಾಲ ಕೊಟ್ಟವರು ಒಂದು ಡಾಲರನ್ನೂ ಬಿಡುವ ಹಾಗಿಲ್ಲ. ಆ ಅವಧಿಯಲ್ಲಿ ಮನಸ್ಸು ಬದಲಾದರೆ ಇದರ ಮೇಲೆ ಸಹಿ ಹಾಕಿ ಅಂಚೆಗೆ ಹಾಕಿದರೆ ಸಾಲವೇ ರದ್ದು. ಯಾಕೆ ಎಂದು ಯಾರೂ ಕೇಳುವಂತಿಲ್ಲ.

ರೀಜಿಸ್ ನಕ್ಕ. "ಇವಳು ಸಾಲದಲ್ಲೇ ಇಲ್ವಲ್ಲ. ಇವಳಿಗ್ಯಾಕೆ?"

"ಸಾಲ ನಿಮ್ಮದು. ಮನೆ ಇಬ್ಬರದು," ಎಂದರು ಕಲಬ್ರೀಸ್, ಸುರುಳಿಯ ತುಂಡೊಂದನ್ನು ತಟ್ಟೆಗೆ ಎಳೆದುಕೊಳ್ಳುತ್ತ. "ಇಬ್ಬರಲ್ಲಿ ಒಬ್ಬರು ಕಳಿಸಿದ್ರೂ ಸಾಕು, ಇಬ್ಬರಿಗೂ ರದ್ದು."

ಮನೆ ಇಬ್ಬರದಾಗಿದ್ದು ಅತ್ತೆಯಿಂದ. ಸಾಯುವ ವರ್ಷ, ಇನ್ನೂ ಗಾಲಿ ಕುರ್ಚಿಯಲ್ಲಿ ಕೂರುವ ಶಕ್ತಿ ಇದ್ದಾಗ, ವೆರೋನಿಕಾ ವಕೀಲನನ್ನು ಮನೆಗೆ ಕರೆಸಿ ಮನೆಯನ್ನು ಮಗ ಸೊಸೆ ಇಬ್ಬರ ಹೆಸರಿಗೂ ಬರೆದಿದ್ದರು. ಮಗನಿಗೊಬ್ಬನಿಗೇ ಸಾಕಲ್ಲ ಎಂದ ವಕೀಲನಿಗೆ, "ನನ್ನ ಹಾಸಿಗೆ ಒಗೆದಿದ್ದು ಮಗ ಅಲ್ಲ" ಎಂದಿದ್ದರು. ಬರ್ನಡೀನಳ ಎದುರಿಗೆ ಆ ಕುರಿತು ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ. ಅದು ಅವರ ಬಗೆ.

ಕಲಬ್ರೀಸ್ ಹೊರಟ ಮೇಲೆ ರೀಜಿಸ್ ತನ್ನ ಪ್ರತಿಗಳನ್ನು ತನ್ನ ಗಾಡಿಯ ಪೆಟ್ಟಿಗೆಯಲ್ಲಿ ತುರುಕಿದ. ಬರ್ನಡೀನ್ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಒಂದು ಪ್ರತಿಯನ್ನು ಫ್ರಿಜ್ಜಿನ ಬಾಗಿಲಿಗೆ, ಊರಿನ ಶವಸಂಸ್ಕಾರದ ಅಂಗಡಿಯವರು ಜಾಹೀರಾತಿಗೆ ಹಂಚಿದ್ದ ಅಯಸ್ಕಾಂತದ ಕೆಳಗೆ, ಕಣ್ಣಿನ ಎತ್ತರಕ್ಕೆ ಸಿಕ್ಕಿಸಿದಳು.

ಶುಕ್ರವಾರ ಬೆಳಿಗ್ಗೆ ಹಾಲು ತೆಗೆಯಲು ಹೋದ ರೀಜಿಸ್ ಅದರ ಮುಂದೆ ನಿಂತ.

"ಇದೇನು ಇಲ್ಲಿ?"

"ಮರೀಬಾರದು ಅಂತ," ಎಂದಳು ಅವಳು, ಮೊಟ್ಟೆ ಮಗುಚುತ್ತ.

"ಏನನ್ನ?"

ಅವಳು ಲಕೋಟೆಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಪಟ್ಟಿ ಮೇಲ್ಮುಖವಾಗಿತ್ತು. ಅವನು ನೋಡಿದ, ಕಿವಿ ಕೆಂಪಾಯಿತು. ಬರ್ನಡೀನ್ ಎದುರು ಕುರ್ಚಿಯಲ್ಲಿ ಕೂತು, ಕಿಟಕಿಗೆ ಬಂದವರಿಗೆ ಅಂಚೆ ದರ ಹೇಳುವ ದನಿಯಲ್ಲಿ ಹೇಳಿದಳು.

"ನಂಗೆ ಮೆಷೀನು ಮೇಲೆ ಬೇಕು. ಪಟ್ಟಿಯ ತುದೀಲಿ ಬೇಕು, ಬುಡದಲ್ಲಲ್ಲ. ಇಲ್ಲದಿದ್ರೆ ನಂಗೆ ಈ ಸಾಲಾನೇ ಬೇಡ."

"ನೋಡೋಣ ಬರ್ನಿ," ಎಂದ ರೀಜಿಸ್. ಮೂವತ್ತನಾಲ್ಕು ವರ್ಷದಲ್ಲಿ ಅವಳು ಕೇಳಿದ್ದಕ್ಕೆಲ್ಲ ಅವನು ಕೊಟ್ಟ ಉತ್ತರ ಅದು. ಆದರೆ ಈ ಸಲ ಹೇಳುವಾಗ ಅವನ ಕಣ್ಣು ಫ್ರಿಜ್ಜಿನ ಕಡೆಗಿತ್ತು.

ಅಂದು ಸಂಜೆ ಅವಳು ಕೆಲಸದಿಂದ ಬರುವಷ್ಟರಲ್ಲಿ ಮಹಡಿಯ ಬಟ್ಟೆ ಬುಟ್ಟಿ ನೆಲಮಾಳಿಗೆಯ ಬಾಗಿಲ ಬಳಿ ಬಂದು ಕೂತಿತ್ತು. ಅವಳು ಎತ್ತಲು ಬಗ್ಗಿದರೆ, ಬಿಡು ನಾನು ಒಯ್ತೀನಿ ಎಂದು ರೀಜಿಸ್ ಹೊತ್ತುಕೊಂಡು ಇಳಿದ. ತೊಲೆಗೆ ಹಣೆ ಬಡಿದ ಸದ್ದು ಮೇಲಕ್ಕೂ ಕೇಳಿಸಿತು. ಶನಿವಾರ ಇನ್ನೂ ಮುಂದೆ ಹೋಗಿ, ಅವಳು ಚರ್ಚಿನ ಹೆಂಗಸರ ಜೊತೆ ಪಿರೋಹಿ ಕಡುಬು ಮಡಚಿ ಬರುವಷ್ಟರಲ್ಲಿ ಒಂದು ಗಂಟು ಬಟ್ಟೆ ತಾನೇ ಒಗೆದು ಹಾಕಿದ್ದ. ಅವನ ಕೆಂಪು ಬೇಟೆಯ ಅಂಗಿಯ ಜೊತೆಗೆ ಅವಳ ಅಂಚೆ ಕಚೇರಿಯ ತಿಳಿನೀಲಿ ಷರಟುಗಳನ್ನೂ ಸೇರಿಸಿದ್ದರಿಂದ ಎರಡು ಷರಟು ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವಳು ಅವನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದಳು. ರೀಜಿಸ್ ಶಾಲೆಯ ಹುಡುಗನ ಹಾಗೆ ನಿಂತಿದ್ದ. ನೇರಳೆ ತನಗೆ ಒಪ್ಪುತ್ತದೆ ಎಂದಳು ಬರ್ನಡೀನ್, ನಗು ತಡೆಯಲಾಗದೆ. ಅವನಿಗೂ ನಗು ಬಂತು. ಭಾನುವಾರ ಅವನು ಪಾತ್ರೆ ತೊಳೆದ. ಹುರಿದ ಮಾಂಸದ ನಡುವಿನ ತುಂಡನ್ನು ಅವಳ ತಟ್ಟೆಗೆ ಬಡಿಸಿದ. ಮಧ್ಯಾಹ್ನ ಇಬ್ಬರೂ ಹಿತ್ತಿಲಿನ ಎಲೆ ಗುಡಿಸಿದರು. ಪಿಯರ್ ಮರದ ಕೆಳಗೆ ಕಾಫಿ ಕುಡಿಯುತ್ತ ಅವಳಿಗೆ ಅನಿಸಿತು, ಈ ಕಾಗದದ ಮೇಲೆ ಸಹಿ ಹಾಕುವ ಅಗತ್ಯವೇ ಬೀಳುವುದಿಲ್ಲ. ಹೇಳಿದ್ದು ಅವನ ಕಿವಿಗೆ ಬಿದ್ದಿದೆ.

ಸೋಮವಾರ ಬೆಳಿಗ್ಗೆ ಅವಳು ಎದ್ದು ಬಂದಾಗ ಫ್ರಿಜ್ಜಿನ ಬಾಗಿಲು ಖಾಲಿಯಾಗಿತ್ತು. ಕಾಗದ ಕಸದ ಬುಟ್ಟಿಯಲ್ಲಿ, ಕಾಫಿ ಚರಟದ ಕೆಳಗಿತ್ತು. ರೀಜಿಸ್ ಫೋನಿನಲ್ಲಿ ಡಚ್ ಜೊತೆ ಮಾತಾಡುತ್ತಿದ್ದ. ಗಡುವು ಮುಗೀತು, ಎಲ್ಲ ಸರಿಹೋಯ್ತು, ವಾರದೊಳಗೆ ಹಣ ಬರ್ತದೆ, ದೋಣಿ ಬೇರೆಯವರಿಗೆ ಕೊಡಬೇಡ ಎನ್ನುತ್ತಿದ್ದ. ಮಹಡಿಯ ಮೆಟ್ಟಿಲ ಮೇಲೆ ಅವನ ಒದ್ದೆ ಟವೆಲು, ಒಂದು ಸಾಕ್ಸು. ಇನ್ನೊಂದು ಸಾಕ್ಸು ಎಲ್ಲಿ ಎನ್ನುವುದು ಎಂದಿನಂತೆ ಹುಡುಕುವವರಿಗೆ ಬಿಟ್ಟ ವಿಷಯ.

ಬರ್ನಡೀನ್ ಟವೆಲು, ಸಾಕ್ಸು ಎತ್ತಿಕೊಂಡು ಬುಟ್ಟಿ ಹೊತ್ತು ಇಳಿದಳು. ಏಳನೆಯ ಮೆಟ್ಟಿಲಿನಲ್ಲಿ ಮಂಡಿ ಲಟಕ್ಕೆಂದಿತು. ಅಲ್ಲೇ ನಿಂತಳು. ಶುಕ್ರ, ಶನಿ, ಭಾನು ಎಂದು ಮೂರು ದಿನ ಎಣಿಸಿ ಅವನು ಇವತ್ತು ಕೈ ಕೊಡವಿಕೊಂಡಿದ್ದಾನೆ. ಆ ಮೂರು ದಿನದ ಪಾತ್ರೆ, ಬುಟ್ಟಿ, ನಡುವಿನ ತುಂಡು ಎಲ್ಲ ಗಡುವಿನ ಲೆಕ್ಕಕ್ಕೆ ಸೇರಿದ್ದವು. ಷರಟು ನೇರಳೆ ಆದಾಗಲೂ ಅವಳಿಗೆ ಇಷ್ಟು ಬೇಸರ ಆಗಿರಲಿಲ್ಲ.

ಮೇಲೆ ಬಂದಾಗ ರೀಜಿಸ್ ಹೊರಗಿನ ಟಪಾಲು ಪೆಟ್ಟಿಗೆಯಿಂದ ಬರಿಗೈಯಲ್ಲಿ ಹಿಂತಿರುಗುತ್ತಿದ್ದ. ಗಾಳಕೊಕ್ಕೆಗಳ ಪುಸ್ತಕ ಬರಬೇಕಿತ್ತು.

"ಹನ್ನೊಂದು ಗಂಟೆ ಆಯ್ತು. ಟಪಾಲು ಯಾಕೆ ಬಂದಿಲ್ಲ?" ಎಂದ. ಆಮೇಲೆ ಅವಳನ್ನು ನೋಡಿ, "ನೀನ್ಯಾಕೆ ಮನೇಲಿದ್ದೀಯ?"

"ಇವತ್ತು ಕೊಲಂಬಸ್ ದಿನ ರೀಜಿಸ್. ಅಂಚೆ ರಜ."

ಅವನು ಹೆಗಲು ಕುಣಿಸಿದ. ಅವನಿಗೆ ಅಂಥ ರಜೆ ಗೊತ್ತೇ ಇರಲಿಲ್ಲ. ಕಾರ್ಖಾನೆಯ ಕುಲುಮೆ ಆರುವಂತಿರಲಿಲ್ಲ, ಅಲ್ಲಿ ಭಾನುವಾರವೂ ಒಂದು ಪಾಳಿ, ಕ್ರಿಸ್ಮಸ್ಸೂ ಒಂದು ಪಾಳಿ. ಕ್ವಾರಿಯಲ್ಲಿ ಮಳೆ ಬಂದರೆ ಮಾತ್ರ ರಜ. ನಲವತ್ತು ವರ್ಷ ದುಡಿದ ಮೇಲೂ ಅವನ ತಲೆಯ ಪಂಚಾಂಗದಲ್ಲಿ ವಾರಕ್ಕೆ ಏಳು ದಿನವೂ ಕೆಲಸದ ದಿನ.

ಬರ್ನಡೀನ್ ಕಪಾಟಿನಿಂದ ತನ್ನ ಎರಡನೆಯ ಪ್ರತಿ ತೆಗೆದು ಮೇಜಿನ ಮೇಲೆ ಹರಡಿದಳು. ಕಲಬ್ರೀಸ್ ಕೈಯಾರೆ ತುಂಬಿದ್ದ ತಾರೀಖಿನ ಮೇಲೆ ಬೆರಳಿಟ್ಟಳು. "ಭಾನುವಾರ ಲೆಕ್ಕಕ್ಕಿಲ್ಲ. ಸರ್ಕಾರಿ ರಜ ಲೆಕ್ಕಕ್ಕಿಲ್ಲ. ಶುಕ್ರವಾರ ಒಂದು, ಶನಿವಾರ ಎರಡು, ನಾಳೆ ಮೂರು."

ರೀಜಿಸ್ ನಿಧಾನಕ್ಕೆ ಕುರ್ಚಿ ಎಳೆದು ಕೂತ. ಕಸದ ಬುಟ್ಟಿಯ ಕಡೆ ಒಮ್ಮೆ ನೋಡಿದ.

"ನೀನು ಗಡುವಿಗೆ ಹೆದರಿ ಬುಟ್ಟಿ ಹೊತ್ತೆ ಅಂತ ಅನ್ಕೊಂಡಿರಲಿಲ್ಲ ನಾನು," ಎಂದಳು ಅವಳು. "ನನ್ನ ಮಂಡಿ ನೋಡಿ ಹೊತ್ತೆ ಅನ್ಕೊಂಡೆ. ಮೂರು ದಿನ ಎಷ್ಟು ಸುಖವಾಗಿದ್ದೆ ಗೊತ್ತಾ?"

ರೀಜಿಸ್ ಹಣೆಯ ಗೀರನ್ನು ಬೆರಳಿನಿಂದ ಮುಟ್ಟಿಕೊಂಡ. ನೋಡೋಣ ಎನ್ನಲಿಲ್ಲ. ಅವಳು ಕಾಗದಕ್ಕೆ ಸಹಿ ಹಾಕಿ, ತಾರೀಖಿನ ಜಾಗ ಖಾಲಿ ಬಿಟ್ಟು, ಲಕೋಟೆಗೆ ಸೇರಿಸಿ, ಪತ್ತಿನ ಸಂಘದ ವಿಳಾಸ ಬರೆದು, ಬಾವುಟದ ಅಂಚೆಚೀಟಿ ಅಂಟಿಸಿ ಕೈಚೀಲದಲ್ಲಿಟ್ಟಳು. ಆ ದಿನ ಊಟಕ್ಕೆ ಬೇಯಿಸಿದ ಹಿಟ್ಟಿನ ಪಟ್ಟಿಗೆ ಕೋಸು ಹಾಕಿದ ಹಲುಷ್ಕಿ ಮಾಡಿದಳು. ಇಬ್ಬರೂ ಉಪ್ಪು ದಾಟಿಸಿಕೊಂಡರು, ಅಷ್ಟೇ ಮಾತು.

ರಜೆಯ ಮರುದಿನದ ಅಂಚೆ ಕಚೇರಿ ಎಂದರೆ ಎರಡು ದಿನದ ಮೂಟೆ. ಬರ್ನಡೀನ್ ಒಳ್ಳೆಯ ಷರಟು ಒಣಗಿರದ ಕಾರಣ ನೇರಳೆಯದನ್ನೇ ತೊಟ್ಟು ಹೋಗಿದ್ದಳು. ಬಂದವರೆಲ್ಲ ಹೊಸ ಸಮವಸ್ತ್ರವೇ ಎಂದು ಕೇಳಿದರು. ಲಕೋಟೆ ಅವಳ ಕಿಟಕಿಯ ಗೂಡಿನಲ್ಲಿ, ತೂಕದ ಯಂತ್ರದ ಪಕ್ಕದಲ್ಲಿತ್ತು. ಪತ್ರದ ಮೂಟೆ ಒಯ್ಯುವ ಲಾರಿ ನಾಲ್ಕೂಮುಕ್ಕಾಲಿಗೆ ಬರುತ್ತದೆ. ಕಾಗದದಲ್ಲಿ ನಡುರಾತ್ರಿಯವರೆಗೆ ಎಂದು ಬರೆದಿದ್ದರೂ ಈ ಊರಿನ ಮಟ್ಟಿಗೆ ದಿನ ಮುಗಿಯುವುದು ಆ ಲಾರಿ ಹೊರಟಾಗ ಎಂದು ಅವಳಿಗೆ ಗೊತ್ತು.

ಕಳಿಸಿದರೆ ಏನಾಗುತ್ತದೆ ಎಂದೂ ಗೊತ್ತು. ಕಡಿಮೆ ಬಡ್ಡಿ ಹೋಗುತ್ತದೆ. ಕಂತಿನ ಭಾರ ಅವಳ ಸಂಬಳದ ಮೇಲೂ ಬೀಳುವುದರಿಂದ ಅದು ಅವಳ ನಷ್ಟವೂ ಹೌದು. ಮೆಷೀನು ಮೇಲೆ ಬರುವ ದಾರಿಯೂ ಸದ್ಯಕ್ಕೆ ಮುಚ್ಚುತ್ತದೆ. ರೀಜಿಸನ ಮುಖ ಚಳಿಗಾಲವಿಡೀ ಸಪ್ಪಗಿರುತ್ತದೆ. ಕಳಿಸದಿದ್ದರೆ ದೋಣಿ ಬರುತ್ತದೆ, ಅವಳು ಇನ್ನೂ ಹತ್ತು ವರ್ಷ "ಉಳಿದರೆ" ಎನ್ನುವ ಪದದ ಕೆಳಗೆ ಮೆಟ್ಟಿಲು ಇಳಿಯುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಯಿತು. ನಾಲ್ಕು ಗಂಟೆಯಾದಾಗ ಕಾಗದವನ್ನು ಹೊರಗೆಳೆದು ತಾರೀಖು ತುಂಬಿ, ಲಕೋಟೆಯ ಬಾಯಿ ಅಂಟಿಸಿದಳು.

ನಾಲ್ಕೂಕಾಲಿಗೆ ರೀಜಿಸ್ ಒಳಗೆ ಬಂದ. ಈ ಕಚೇರಿಗೆ ಅವನು ಬಂದದ್ದೇ ಕಡಿಮೆ. ಅಂಚೆಗೆ ಹಾಕುವುದನ್ನೆಲ್ಲ ಮನೆಯಲ್ಲೇ ಅವಳ ಕೈಗೆ ಕೊಡುತ್ತಿದ್ದ. ನೇರ ಕಿಟಕಿಗೆ ಬರಲು ಹೊರಟವನನ್ನು ವಿಧವೆ ಯೂನಿಸ್ ಬಲೋಗ್ ತನ್ನ ಊರುಗೋಲು ಅಡ್ಡ ಹಿಡಿದು ತಡೆದಳು.

"ಸಾಲಿನಲ್ಲಿ ನಿಲ್ಲು ರೀಜಿಸ್. ನಿನ್ನ ಹೆಂಡತಿ ಅನ್ನೋದೆಲ್ಲ ಮನೇಲಿ. ಇಲ್ಲಿ ಅವಳು ನಮ್ಮವಳು."

ಅವನು ಹೋಗಿ ಹಿಂದೆ ನಿಂತ. ಮುಂದೆ ನಾಲ್ಕು ಜನ. ಯೂನಿಸ್ ಮೊಮ್ಮಕ್ಕಳಿಗೆ ಕಾರ್ಡು ಕಳಿಸಲು ಹೂವಿನ ಚೀಟಿ ಆರಿಸಿದಳು, ಅವು ಬೇಡವೆಂದು ಹಕ್ಕಿಯವು ಕೇಳಿದಳು, ಕೊನೆಗೆ ಹೂವಿನದಕ್ಕೇ ಬಂದಳು. ಬರ್ನಡೀನ್ ಅವಸರ ಮಾಡಲಿಲ್ಲ. ಗೋಡೆಯ ಗಡಿಯಾರವನ್ನು ರೀಜಿಸ್ ನೋಡುವುದನ್ನು ಮಾತ್ರ ಕಂಡಳು. ಅವನ ಪ್ಯಾಂಟಿನ ಮಂಡಿಗಳ ಮೇಲೆ ದೂಳು, ಹಣೆಯ ಮೇಲೆ ಶುಕ್ರವಾರದ ಗೀರಿನ ಪಕ್ಕದಲ್ಲಿ ಇನ್ನೊಂದು ಹೊಸ ಗೀರು.

ಅವನ ಸರದಿ ಬಂತು. ಅವನು ಎರಡು ಕಾಗದ ಕಿಟಕಿಯ ಕೆಳಗಿನಿಂದ ದಾಟಿಸಿದ. ಅವಳು ಕನ್ನಡಕ ಏರಿಸಿದಳು. ಮೊದಲನೆಯದು ಕೊಳಾಯಿ ಕೆಲಸದ ಚೆಟ್ ಬರೆದುಕೊಟ್ಟ ಅಂದಾಜು. ಚಿಕ್ಕ ಕೋಣೆಗೆ ನೀರು, ಬಚ್ಚಲ ಕೊಳವೆ, ವಿದ್ಯುತ್ತಿನ ತಂತಿ, ಬರುವ ಸೋಮವಾರ ಕೆಲಸ ಶುರು. ಕೆಳಗೆ ಮುಂಗಡ ಸಂದಾಯವಾಗಿದೆ ಎಂಬ ಸಹಿ. ಮುಂಗಡ ಎಲ್ಲಿಂದ ಬಂತು ಎಂದು ಅವಳು ಕೇಳಿದಳು. ದೋಣಿಗೆಂದು ಡಬ್ಬಿಯಲ್ಲಿ ಕೂಡಿಟ್ಟದ್ದು ಎಂದ. ಕೋಣೆ ಖಾಲಿಯಾಗಬೇಕಲ್ಲ ಎಂದಳು. ಖಾಲಿಯಾಗಿದೆ ಎಂದ. ಗಾಳದ ಕೋಲುಗಳು, ಪೆಟ್ಟಿಗೆಗಳು, ರಬ್ಬರಿನ ಬೂಟುಗಳು ಎಲ್ಲ ಬೆಳಿಗ್ಗೆಯಿಂದ ಹೊತ್ತು ನೆಲಮಾಳಿಗೆಗೆ ಇಳಿಸಿದ್ದಾನೆ.

"ಇಪ್ಪತ್ತೆರಡು ಸಲ ಇಳಿದು ಹತ್ತಿದೆ ಬರ್ನಿ," ಎಂದ ರೀಜಿಸ್ ತಗ್ಗಿದ ದನಿಯಲ್ಲಿ. "ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಲ್ಲಿ ಒಬ್ರೂ ಹಿಡ್ಕೊಳ್ಳೋದಕ್ಕೆ ಕಂಬಿ ಹಾಕಿಲ್ಲ. ನಾನು ಹಾಕಬೇಕಿತ್ತು."

ಅವಳು ಎರಡನೆಯ ಕಾಗದ ತೆಗೆದಳು. ಹೊಸ ಪಟ್ಟಿ. ಮೊದಲು ಮೆಷೀನು. ಆಮೇಲೆ ಕುಲುಮೆ. ಆಮೇಲೆ ನೆಲಮಾಳಿಗೆಯ ಮೆಟ್ಟಿಲಿಗೆ ಕಂಬಿ. ಅಲ್ಲಿಗೆ ಪಟ್ಟಿ ಮುಗಿದಿತ್ತು.

"ದೋಣಿ?" ಎಂದು ಕೇಳಿದಳು.

"ಉಳಿದರೆ," ಎಂದ ರೀಜಿಸ್.

ಹಿಂದೆ ಸಾಲಿನಲ್ಲಿದ್ದವನೊಬ್ಬ ಕೆಮ್ಮಿದ. ಬರ್ನಡೀನ್ ಎರಡೂ ಕಾಗದವನ್ನು ಮಡಚಿ ಜೇಬಿಗಿಟ್ಟಳು. ಮೂವತ್ತನಾಲ್ಕು ವರ್ಷದಲ್ಲಿ ಆ ಪದವನ್ನು ಅವನು ತನಗಾಗಿ ಬಳಸಿದ್ದು ಅದೇ ಮೊದಲು. ಮತ್ತೇನಾದರೂ ಬೇಕೇ ಎಂದು ಕೇಳಿದಳು, ಎಲ್ಲರನ್ನೂ ಕೇಳುವ ಹಾಗೆ. ಬೇಡ ಎಂದ. ಅಡುಗೆ ಏನು ಎಂದು ಕೇಳಲು ಬಾಯಿ ತೆರೆದವನು ಮುಚ್ಚಿ, ತಾನೇ ಏನಾದರೂ ಮಾಡುತ್ತೇನೆ ಎಂದು ಹೊರಟ. ಏನು ಮಾಡುತ್ತಾನೋ ಎಂದು ಅವಳಿಗೆ ಸಣ್ಣಗೆ ಭಯವಾಯಿತು.

ನಾಲ್ಕೂಮುಕ್ಕಾಲಿಗೆ ಲಾರಿ ಬಂತು. ಚಾಲಕ ಮೂಟೆಗಳನ್ನು ಎತ್ತಿಕೊಂಡು, ಇಷ್ಟೇನಾ ಎಂದು ಕೇಳಿದ. ಅವಳು ಲಕೋಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಇಷ್ಟೇ ಎಂದಳು. ಲಾರಿ ತಿರುವು ದಾಟಿ ಸೇತುವೆ ಹತ್ತುವವರೆಗೆ ಕಿಟಕಿಯಿಂದ ನೋಡಿದಳು. ಆಮೇಲೆ ಲಕೋಟೆಯ ಅಂಚೆಚೀಟಿಯ ಮೇಲೆ ಆ ದಿನದ ತಾರೀಖಿನ ಮುದ್ರೆ ಒತ್ತಿದಳು. ಚೀಟಿ ಅಂಟಿಸಿದ ಲಕೋಟೆಗೆ ಮುದ್ರೆ ಹಾಕಿಸಿಕೊಂಡು ಕೈಗೇ ವಾಪಸ್ ಪಡೆಯುವ ಪದ್ಧತಿ ಇದೆ, ಅಂಚೆಚೀಟಿ ಕೂಡಿಡುವವರು ಹಾಗೆ ಮಾಡಿಸಿಕೊಳ್ಳುತ್ತಾರೆ. ಇಷ್ಟು ವರ್ಷ ಬೇರೆಯವರಿಗೆ ಮಾಡಿಕೊಟ್ಟಿದ್ದಳು. ಇವತ್ತು ತನಗೇ ಮಾಡಿಕೊಂಡು ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡಳು.

ಅಂದು ಊಟಕ್ಕೆ ಡಬ್ಬದ ಸೂಪು, ಕರಿದ ಬ್ರೆಡ್ಡು. ಬ್ರೆಡ್ಡು ಒಂದು ಬದಿ ಕರಕಲು. ಅವಳು ಎರಡು ತಿಂದಳು.

ಮೆಷೀನು ಮೇಲೆ ಬಂದದ್ದು ಅಕ್ಟೋಬರಿನ ಕೊನೆಗೆ. ಚೆಟ್ ಹೇಳಿದ ದಿನಕ್ಕಿಂತ ಒಂದು ವಾರ ತಡ, ಅವನಿಗೆ ಯಾವಾಗಲೂ ಅಷ್ಟು ತಡ ಇದ್ದದ್ದೇ. ಚಿಕ್ಕ ಕೋಣೆಯ ಕಿಟಕಿಯಿಂದ ಪಿಯರ್ ಮರ ಕಾಣುತ್ತದೆ. ಬರ್ನಡೀನ್ ಮೊದಲ ದಿನ ಕುರ್ಚಿ ಎಳೆದುಕೊಂಡು, ಬಟ್ಟೆ ತಿರುಗಿ ಮುಗಿಯುವವರೆಗೆ ಸುಮ್ಮನೆ ಕೂತಿದ್ದಳು. ಅಷ್ಟು ವರ್ಷ ಒಗೆದರೂ ಮೆಷೀನು ತಿರುಗುವುದನ್ನು ಕೂತು ನೋಡಿದ್ದು ಅಂದೇ. ಮಂಗಳವಾರ ಮತ್ತು ಶನಿವಾರದ ಬಟ್ಟೆ ರೀಜಿಸನದು. ಅವನು ಟವೆಲನ್ನು ಮೂರು ಮಡಿಕೆ ಮಾಡುತ್ತಾನೆ, ಅದು ಕಪಾಟಿನಲ್ಲಿ ಹಿಡಿಯುವುದಿಲ್ಲ, ಅವಳು ತಿದ್ದುವುದನ್ನು ಬಿಟ್ಟಿದ್ದಾಳೆ. ಒಗೆಯುವ ಪುಡಿಯ ಡಬ್ಬಿಯ ಹಿಂದೆ, ಗೋಡೆಗೆ ಒರಗಿಸಿ, ಬಾಯಿ ಅಂಟಿಸಿದ, ಆ ಮಂಗಳವಾರದ ಮುದ್ರೆ ಹೊತ್ತ ಲಕೋಟೆ ಇದೆ. ಅದನ್ನು ರೀಜಿಸ್ ಪ್ರತಿ ಮಂಗಳವಾರ ಕಾಣುತ್ತಾನೆ, ಡಬ್ಬಿ ಎತ್ತುವಾಗ ಜೋಪಾನವಾಗಿ ಎತ್ತುತ್ತಾನೆ.

ಡಚ್‌ನ ದೋಣಿ ಬೇರೆ ಯಾರದೋ ಪಾಲಾಯಿತು. ಮರುವರ್ಷ ಜೂನಿನಲ್ಲಿ ರೀಜಿಸ್ ಚಪ್ಪರವಿಲ್ಲದ, ಇಬ್ಬರು ಕೂರುವಷ್ಟೇ ಜಾಗವಿರುವ ಒಂದು ಹಳೆಯ ದೋಣಿ ಕೊಂಡ. ಮೀನು ಹಿಡಿಯುವ ಸಾಮಾನು ತರಲು ಈಗ ಅವನೇ ನೆಲಮಾಳಿಗೆಗೆ ಇಳಿಯಬೇಕು. ಹೊಸ ಕಂಬಿ ಹಿಡಿದುಕೊಂಡು, ತೊಲೆಗೆ ತಲೆ ತಗ್ಗಿಸಿ ಇಳಿಯುತ್ತಾನೆ. ಮೇಲೆ ಬರುವಾಗ ಅವನ ಬಾಯಿಯಲ್ಲಿ ಎಣಿಕೆ ಕೇಳಿಸುತ್ತದೆ. ಹತ್ತು, ಹನ್ನೊಂದು, ಹನ್ನೆರಡು. ಬರ್ನಡೀನ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತು, ಹದಿಮೂರು ಎನ್ನುವುದಕ್ಕೆ ಕಾಯುತ್ತಾಳೆ.